ಶ್ರೀರಂಗಪಟ್ಟಣದ ವಜ್ರ

ಪತ್ತೇದಾರಿ ಕಾದಂಬರಿಯೆಂದರೆ ಮೂಗು ಮುರಿಯುವ ಪಂಡಿತರ ಸಾಲಿನಲ್ಲಿ ನಾನೂ ಬಹುಕಾಲ ಕುಳಿತಿದ್ದವನೇ. ಸ್ನೇಹಿತರೊಬ್ಬರು ವಿಲ್ಕಿ ಕಾಲಿನ್ಸನ ‘ದಿ ಮೂನ್‌ಸ್ಟೋನ್’ ಎಂಬ ಗ್ರಂಥವನ್ನು ಕೈಗಿತ್ತು, ಪೀಠಿಕೆಯನ್ನಾದರೂ ಓದಿರೆಂದರು. ತೆರೆದರೆ, ವಾಚಕರೇ, ಅಲ್ಲಿ ನಮ್ಮ ಶ್ರೀರಂಗಪಟ್ಟಣ! 1799ರ ಮೇ 4ರಂದು ಕೋಟೆ ಬಿದ್ದ ಹೊತ್ತು. ಟಿಪ್ಪುವಿನ ಆಯುಧಶಾಲೆಯಲ್ಲಿ ಕಠಾರಿ ಹಿಡಿದು ನಿಂತ ಆಂಗ್ಲ ಅಧಿಕಾರಿ, ಅವನೆದುರು ಸತ್ತು ಬಿದ್ದ ಕಾವಲುಗಾರರು. ಇದನ್ನು ಕಂಡು ಹೇಳುವವನು ಅವನದೇ ದಾಯಾದಿ.

ಆ ವಜ್ರ ಕಲ್ಪಿತ, ಲೂಟಿ ಕಲ್ಪಿತವಲ್ಲ. ಟಿಪ್ಪುವಿನ ಸಿಂಹಾಸನವನ್ನೇ ವಿಜಯಿಗಳು ಒಡೆದು ಹಂಚಿಕೊಂಡರು. ಅದರ ಹುಲಿಯ ತಲೆ ಇಂದಿಗೂ ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿದೆ.

ಈ ಕತೆ 1868ರಲ್ಲಿ ಡಿಕನ್ಸನ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿತು. ಕಾಲಿನ್ಸನಿಗೆ ಆಗ ಸಂಧಿವಾತದ ಯಾತನೆ. ಬರೆಯುತ್ತಿರುವಾಗಲೇ ತಾಯಿಯೂ ತೀರಿಕೊಂಡಳು. 1857ರ ದಂಗೆಯ ಕಹಿ ಇನ್ನೂ ಆರಿರಲಿಲ್ಲ. ಅಂಥ ದಿನಗಳಲ್ಲಿ ಒಬ್ಬ ಆಂಗ್ಲನು ತನ್ನವನನ್ನೇ ಮೊದಲ ಕಳ್ಳನನ್ನಾಗಿ ನಿಲ್ಲಿಸಿದ್ದು ಸಣ್ಣ ಮಾತಲ್ಲ.

ವಜ್ರವು ಕಡೆಗೆ ಎಲ್ಲಿ ಸೇರಿತು? ಹೇಳಿದರೆ ನನ್ನ ಗೆಳೆಯರು ಕ್ಷಮಿಸಲಾರರು. ಪುಸ್ತಕವೀಗ ನಮ್ಮ ಶಾಲೆಯ ಗಣಿತದ ಮೇಷ್ಟರ ಮನೆಯಲ್ಲಿದೆ. ಅವರ ಮನೆಯವರು ಓದಿ ಮುಗಿಸಿದ ಮೇಲೆ ಚರಿತ್ರೆಯ ಮೇಷ್ಟರ ಸರದಿ.