ಅಂತರ್ಜಾಲ ತಾಟಸ್ಥ್ಯ

ಅಂತರ್ಜಾಲದಲ್ಲಿ ಸಂಚರಿಸುವ ದತ್ತಾಂಶವು ಯಾರದು, ಎಲ್ಲಿಗೆ ಹೋಗತಕ್ಕದ್ದು, ಅದರೊಳಗೇನಿದೆ ಎಂಬುದನ್ನು ನೋಡಿ ಸಂಪರ್ಕ ಒದಗಿಸುವ ಕಂಪನಿಯು ಒಂದನ್ನು ಮುಂದೆ ಬಿಟ್ಟು ಮತ್ತೊಂದನ್ನು ತಡೆಯಬಾರದು, ನಿಧಾನಿಸಬಾರದು, ದರದಲ್ಲಿಯೂ ಭೇದವೆಣಿಸಬಾರದು ಎಂಬ ತತ್ತ್ವ; ಬಳಕೆಯ ಮಾತಿನಲ್ಲಿ ನೆಟ್ ನ್ಯೂಟ್ರಾಲಿಟಿ. ಈ ಹೆಸರನ್ನು 2003ರಲ್ಲಿ ರೂಢಿಗೆ ತಂದವರು ಅಮೆರಿಕದ ನ್ಯಾಯಶಾಸ್ತ್ರಜ್ಞ ಟಿಮ್ ವೂ. ಹೆಸರು ಹೊಸದು, ಭಾವ ಹಳೆಯದು: ಬಾಡಿಗೆ ತೆತ್ತವರೆಲ್ಲರ ಸರಕನ್ನೂ ಪಕ್ಷಪಾತವಿಲ್ಲದೆ ಒಯ್ಯಬೇಕೆಂಬ ಕಟ್ಟಳೆ ರೈಲು, ತಂತಿಗಳ ಕಾಲದಿಂದಲೂ ಉಂಟು.

ಸಂದೇಶವು ಚಿಕ್ಕ ಚಿಕ್ಕ ಪ್ಯಾಕೆಟ್‌ಗಳಾಗಿ ಹೊರಡುವುದರಿಂದ, ಅವುಗಳಿಗೆ ದಾರಿ ತೋರುವ ರೌಟರಿಗೆ ಮೇಲುವಿಳಾಸವಷ್ಟೇ ಸಾಕು. ಒಳಗನ್ನು ಇಣುಕಬಲ್ಲ ಸಾಧನಗಳು ಬಂದ ಮೇಲೆಯೇ ತೊಡಕು ಬಲಿತುದು. 2007ರಲ್ಲಿ ಅಮೆರಿಕದ ಕಾಮ್‌ಕಾಸ್ಟ್ ಕಂಪನಿಯು ಬಿಟ್‌ಟೊರೆಂಟ್ ಮೂಲಕ ಕಡತ ಹಂಚಿಕೊಳ್ಳುವ ಎರಡು ಕಂಪ್ಯೂಟರುಗಳ ನಡುವೆ ನುಸುಳಿ, ಒಂದರ ಹೆಸರಿನಲ್ಲಿ ಇನ್ನೊಂದಕ್ಕೆ ‘ಸಂಪರ್ಕ ಮುಗಿಯಿತು’ ಎಂಬರ್ಥದ ಹುಸಿ ಪ್ಯಾಕೆಟನ್ನು ಕಳುಹುತ್ತಿದ್ದುದು ಬಯಲಾಯಿತು. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಪರೀಕ್ಷೆಗೆಂದು ಆರಿಸಿದ ಕಡತ ಬೈಬಲ್. ಧರ್ಮಗ್ರಂಥಕ್ಕೂ ವಿನಾಯಿತಿ ದೊರೆಯಲಿಲ್ಲ. ಆ ದೇಶದಲ್ಲಿ 2015ರಲ್ಲಿ ಬಂದ ಬಿಗಿ ನಿಯಮ 2017ರಲ್ಲಿ ರದ್ದಾಗಿ, 2024ರಲ್ಲಿ ಮರಳಿ, 2025ರ ಜನವರಿಯಲ್ಲಿ ನ್ಯಾಯಾಲಯದಲ್ಲಿ ಬಿದ್ದುಹೋಯಿತು.

ಭಾರತದಲ್ಲಿ ವಿವಾದವೆದ್ದುದು ವೇಗಕ್ಕಿಂತ ಹೆಚ್ಚಾಗಿ ದರದ ವಿಷಯದಲ್ಲಿ. 2014ರ ಡಿಸೆಂಬರಿನಲ್ಲಿ ಏರ್‌ಟೆಲ್ ಅಂತರ್ಜಾಲ ಕರೆಗಳಿಗೆ ಪ್ರತ್ಯೇಕ ಶುಲ್ಕ ಸಾರಿ ಹಿಂತೆಗೆದುಕೊಂಡಿತು. ಮರುವರ್ಷ, ತಾಣದವರು ಹಣ ತೆತ್ತರೆ ಬಳಕೆದಾರರಿಗೆ ಡೇಟಾ ಪುಕ್ಕಟೆಯಾಗುವ ಅದರ ‘ಏರ್‌ಟೆಲ್ ಜೀರೊ’ ಯೋಜನೆಯಿಂದ ಬೆಂಗಳೂರಿನ ಫ್ಲಿಪ್‌ಕಾರ್ಟ್ ಹೊರಬಂದಿತು. ತಾಟಸ್ಥ್ಯವನ್ನು ಉಳಿಸಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ಗೆ ಹತ್ತು ಲಕ್ಷ ಮೀರಿ ಇ-ಮೇಲ್‌ಗಳು ಹರಿದುಬಂದುವು. ಆಯ್ದ ಕೆಲವು ತಾಣಗಳನ್ನು ಪುಕ್ಕಟೆಯಾಗಿ ತೋರಿಸುವ ಫೇಸ್‌ಬುಕ್ಕಿನ ‘ಫ್ರೀ ಬೇಸಿಕ್ಸ್’ ಪರವಾಗಿ, ಏನೂ ಇಲ್ಲದ ಬಡವನಿಗೆ ಇಷ್ಟಾದರೂ ದಕ್ಕಲಿ ಎಂಬ ವಾದವಿದ್ದಿತು. ಅದು ತಳ್ಳಿಹಾಕುವ ಮಾತಲ್ಲ. ಆದರೆ ಆ ಬಡವನು ಏನನ್ನು ಓದಬೇಕೆಂಬುದನ್ನು ಆಯುವ ಅಧಿಕಾರ ದಾನಿಯ ಕೈಯಲ್ಲೇ ಉಳಿಯುತ್ತಿದ್ದಿತು. 2016ರ ಫೆಬ್ರವರಿ 8ರಂದು ಟ್ರಾಯ್, ವಿಷಯವನ್ನನುಸರಿಸಿ ಡೇಟಾಗೆ ಬೇರೆ ಬೇರೆ ದರ ವಿಧಿಸುವುದನ್ನು ನಿಷೇಧಿಸಿ, ಮೀರಿದವರಿಗೆ ದಿನಕ್ಕೆ 50,000 ರೂಪಾಯಿಯಂತೆ 50 ಲಕ್ಷದವರೆಗೆ ದಂಡವನ್ನು ಗೊತ್ತುಮಾಡಿತು.

ತಡೆ, ನಿಧಾನ, ಆದ್ಯತೆಗಳ ನಿಷೇಧವನ್ನು 2018ರಲ್ಲಿ ಸರ್ಕಾರ ಒಪ್ಪಿತು. ಆದರೆ ಟ್ರಾಯ್ 2017ರ ಶಿಫಾರಸಿನಲ್ಲಿಯೇ, ದತ್ತಾಂಶದ ಪ್ರತಿಗಳನ್ನು ಬಳಕೆದಾರರ ಸಮೀಪದ ಸರ್ವರುಗಳಲ್ಲಿ ಇರಿಸುವ ವಿತರಣಾ ಜಾಲಗಳನ್ನು ಈ ಕಟ್ಟಳೆಯ ಹೊರಗೆ ಬಿಟ್ಟಿದ್ದಿತು. ಅಂಥ ಸರ್ವರುಗಳಿಗೆ ಹಣ ಸುರಿಯಬಲ್ಲವನ ವಿಡಿಯೊ ಉಳಿದವರದಕ್ಕಿಂತ ಬೇಗ ತೆರೆದುಕೊಂಡರೆ ಅದು ನಿಯಮಭಂಗವೆನಿಸದು.