ಕಟಕಟೆ ಹತ್ತುವ ಮೊದಲು

ಕಳೆದ ವರ್ಷ ಗಣಪತಿ ಹಬ್ಬ ಮುಗಿದ ವಾರ ಹವಾಲ್ದಾರರೊಬ್ಬರು ಮನೆಗೆ ಬಂದು ಕೋರ್ಟಿನ ಸಮನ್ಸ್ ಕೊಟ್ಟು, ಸಹಿ ಹಾಕಿಸಿಕೊಂಡು ಹೋದರು. ಐದು ವರ್ಷ ಹಿಂದಿನ ಸಂಗತಿ. ನಮ್ಮ ಕಟ್ಟಡದ ಗೇಟಿನಲ್ಲಿ ವಾಚ್‌ಮನ್ ಹುಡುಗನ ಮೇಲೆ ಒಬ್ಬರು ಕೈ ಮಾಡಿದ್ದರು. ಹುಡುಗನ ಕೈ ಮುರಿದಿತ್ತು. ಹಾಲು ತರಲು ಇಳಿದಿದ್ದ ನಾನು ಅದನ್ನು ಕಣ್ಣಾರೆ ಕಂಡಿದ್ದೆ. ಪೊಲೀಸರು ಕೇಳಿದಾಗ ಕಂಡದ್ದನ್ನು ಹೇಳಿದ್ದೆ. ಆಮೇಲೆ ಮರೆತೂ ಬಿಟ್ಟಿದ್ದೆ. ಹೊಡೆದವರು ಈಗಲೂ ಅದೇ ಕಟ್ಟಡದಲ್ಲಿದ್ದಾರೆ. ಹುಡುಗ ಯಾವತ್ತೋ ಊರಿಗೆ ಹೋದ.

ಸಮನ್ಸ್ ಬಂದ ಸುದ್ದಿ ಸಂಜೆಯೊಳಗೆ ಎಲ್ಲ ಮಹಡಿಗೂ ತಲುಪಿತ್ತು. ರಾತ್ರಿ ಇಬ್ಬರು ಬಂದು ಕೂತರು, ಚಹಾ ಕುಡಿದರು. "ಅಂಕಲ್, ಇಷ್ಟು ವರ್ಷ ಒಟ್ಟಿಗಿದ್ದೇವೆ. ಸರಿಯಾಗಿ ನೆನಪಿಲ್ಲ ಅಂದರೆ ಆಯ್ತು. ಯಾರಿಗೂ ತೊಂದರೆ ಇಲ್ಲ." ಅವರು ಹೋದ ಮೇಲೆ ನನ್ನಾಕೆ ಹೇಳಿದ್ದು ಇಷ್ಟೇ: "ನೀರು ಬಾರದ ದಿನ ಬಕೆಟ್ ಹಿಡ್ಕೊಂಡು ಯಾರ ಮನೆಗೆ ಹೋಗೋದು, ಅದನ್ನೂ ಯೋಚನೆ ಮಾಡಿ."

ಮ್ಯಾಜಿಸ್ಟ್ರೇಟ್ ಕೋರ್ಟಿನ ಸರಕಾರಿ ವಕೀಲೆ ನನ್ನನ್ನು ತಯಾರು ಮಾಡಿದ್ದು ಹತ್ತು ನಿಮಿಷದಲ್ಲಿ. ಅಂದು ನಾನು ಕೊಟ್ಟಿದ್ದ 'ಜಬಾಬ್' ಓದಲು ಕೊಟ್ಟರು. ನಾನು ಹೇಳಿದ್ದು ಹಿಂದಿಯಲ್ಲಿ, ಪೊಲೀಸರು ಬರೆದದ್ದು ಮರಾಠಿಯಲ್ಲಿ, ಮನಸ್ಸಿನಲ್ಲಿ ಇದ್ದದ್ದು ಕನ್ನಡದಲ್ಲಿ! ಕೆಳಗೆ ನನ್ನ ಸಹಿ ಇರಲಿಲ್ಲ. ಇದೇನು ಅಂತ ಕೇಳಿದೆ. ತನಿಖೆಯ ವೇಳೆ ಪೊಲೀಸರಿಗೆ ಕೊಡುವ ಹೇಳಿಕೆಗೆ ಸಹಿ ಹಾಕಿಸುವಂತೆಯೇ ಇಲ್ಲ, ಕಾನೂನು ಹಾಗಿದೆ ಅಂದರು. ಆ ಕಾಗದ ಸಾಕ್ಷ್ಯವಲ್ಲ; ಕಟಕಟೆಯಲ್ಲಿ ಪ್ರಮಾಣ ಮಾಡಿ ಆಡುವ ಮಾತೇ ಸಾಕ್ಷ್ಯ. ಎದುರು ಪಕ್ಷದ ವಕೀಲರು ಮಾತ್ರ "ಆಗ ಹೀಗೆ ಹೇಳಿದ್ದಿರಿ, ಈಗ ಹೀಗೆ ಹೇಳುತ್ತೀರಿ" ಅಂತ ಹಿಡಿಯಲು ಅದನ್ನು ಬಳಸುತ್ತಾರೆ. "ಕಂಡದ್ದನ್ನು ಹೇಳಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ. ಪ್ರಶ್ನೆ ಮುಗಿಯುವ ತನಕ ಬಾಯಿ ತೆರೆಯಬೇಡಿ." ಅಷ್ಟೇ ಪಾಠ.

ಬಕೆಟ್ಟಿನ ವಿಷಯಕ್ಕೆ ಮಾತ್ರ ಆ ಪಾಠದಲ್ಲಿ ಉತ್ತರವಿರಲಿಲ್ಲ. ಮನೆಗೆ ಬರುವಾಗ ಇದೇ ಮುಂಬಯಿಯ ಒಂದು ಹಳೆಯ ಮೊಕದ್ದಮೆ ತಲೆಯಲ್ಲಿ ಸುತ್ತುತ್ತಿತ್ತು. 1862ರ ಮಹಾರಾಜ್ ಮಾನಹಾನಿ ಮೊಕದ್ದಮೆ. 2024ರಲ್ಲಿ 'ಮಹಾರಾಜ್' ಅನ್ನುವ ಸಿನಿಮಾ ಬಂದ ಮೇಲೆ ಹೆಸರು ಬಹಳ ಜನಕ್ಕೆ ಗೊತ್ತಾಗಿದೆ. ಸಿನಿಮಾದಲ್ಲಿ ಹೀರೋನದೇ ಕಥೆ, ಅದು ಸಹಜ. ನನಗೆ ಬೇಕಾಗಿದ್ದದ್ದು ಸಾಕ್ಷಿಗಳ ಕಥೆ.

ಕರ್ಸನ್‌ದಾಸ್ ಮೂಲ್ಜಿ, 1832ರಲ್ಲಿ ಹುಟ್ಟಿದ ಗುಜರಾತಿ ಕಪೋಳ ವಣಿಕ. ವಿಧವಾ ವಿವಾಹದ ಪರವಾಗಿ ಪ್ರಬಂಧ ಬರೆದದ್ದಕ್ಕೆ ಸಾಕಿದ ಮನೆಯಿಂದಲೇ ಹೊರಬಿದ್ದ. 1855ರಿಂದ 'ಸತ್ಯಪ್ರಕಾಶ' ಎಂಬ ಪತ್ರಿಕೆ ನಡೆಸುತ್ತಿದ್ದ. ಮುಂಬಯಿಯ ಭಾಟಿಯಾ, ವಣಿಕ ವ್ಯಾಪಾರಿಗಳಲ್ಲಿ ಬಹಳ ಮಂದಿ ವಲ್ಲಭ ಸಂಪ್ರದಾಯದ ವೈಷ್ಣವರು. ಅವರ ಗುರುಗಳಿಗೆ 'ಮಹಾರಾಜ' ಅನ್ನುತ್ತಿದ್ದರು. 1860ರ ಅಕ್ಟೋಬರ್ 21ರಂದು ಕರ್ಸನ್‌ದಾಸ್ ಒಂದು ಲೇಖನ ಬರೆದು, ಮಹಾರಾಜರುಗಳು ಭಕ್ತರ ಮನೆಯ ಹೆಣ್ಣುಮಕ್ಕಳನ್ನು ಕೆಡಿಸುತ್ತಿದ್ದಾರೆಂದು ಜದುನಾಥ್‌ಜಿ ಮಹಾರಾಜರ ಹೆಸರು ಹಿಡಿದೇ ಆಪಾದಿಸಿದ. ಮಹಾರಾಜರು ಕರ್ಸನ್‌ದಾಸ್ ಮತ್ತು ಮುದ್ರಕ ನಾನಾಭಾಯಿ ರುಸ್ತಮ್‌ಜಿ ರಾಣೀನಾ ಮೇಲೆ ಐವತ್ತು ಸಾವಿರ ರೂಪಾಯಿಯ ದಾವೆ ಹೂಡಿದರು. ಅಂದಿನ ಐವತ್ತು ಸಾವಿರ!

ಮಾನಹಾನಿ ದಾವೆಯಲ್ಲಿ "ಬರೆದದ್ದು ನಿಜ" ಎಂದು ವಾದಿಸುವವನೇ ಅದನ್ನು ರುಜುವಾತು ಮಾಡಬೇಕು. ಅಂದರೆ ಕರ್ಸನ್‌ದಾಸ್‌ಗೆ ಸಾಕ್ಷಿಗಳು ಬೇಕು, ಅದೂ ಒಳಗಿನವರು, ಕಂಡವರು. ಎದುರು ಪಾಳೆಯದವರಿಗೂ ಇದು ಚೆನ್ನಾಗಿ ಗೊತ್ತಿತ್ತು. 1861ರ ಸೆಪ್ಟೆಂಬರಿನಲ್ಲಿ ಭಾಟಿಯಾ ಮುಖಂಡರು ಸಭೆ ಸೇರಿ, ಮಹಾರಾಜರ ವಿರುದ್ಧ ಯಾವ ಭಾಟಿಯಾನೂ ಸಾಕ್ಷಿ ಹೇಳಕೂಡದು, ಹೇಳಿದವನು ಜಾತಿಯಿಂದ ಹೊರಗೆ ಎಂದು ತೀರ್ಮಾನ ಮಾಡಿದರು.

ಜಾತಿಯಿಂದ ಹೊರಗೆ ಅಂದರೆ ಏನೆಂದು 'ಘಟಶ್ರಾದ್ಧ' ಓದಿದ ನಮಗೆ ವಿವರಿಸಬೇಕಿಲ್ಲ. ಹೆಣ್ಣು ಕೊಡುವವರಿಲ್ಲ, ತರುವವರಿಲ್ಲ, ಹೆಣ ಎತ್ತಲು ನಾಲ್ಕು ಜನ ಇಲ್ಲ. ವ್ಯಾಪಾರಿಗೆ ಅದರ ಮೇಲೆ ಇನ್ನೊಂದು ಪೆಟ್ಟು: ಮಾತಿನ ಮೇಲೆ ನಡೆಯುವ ಸಾಲ-ಹುಂಡಿ ಎಲ್ಲ ಜಾತಿಯವರ ನಡುವೆಯೇ.

ಇದಕ್ಕೂ ಎರಡು ವರ್ಷ ಮೊದಲೇ, 1859ರಲ್ಲಿ, ಮಹಾರಾಜರನ್ನು ಕೋರ್ಟಿಗೆ ಎಳೆಯದಂತೆ ನೋಡಿಕೊಳ್ಳುತ್ತೇವೆ ಎಂಬ ಕರಾರಿಗೆ ವೈಷ್ಣವರಿಂದ ಸಹಿ ಹಾಕಿಸಿದ್ದರು. ಕೋರ್ಟಿಗೆ ಹೋಗಿ ನಿಲ್ಲುವುದೇ ಗುರುಪೀಠಕ್ಕೆ ಕಡಿಮೆ ಎಂಬ ಭಾವನೆ. ಕರ್ಸನ್‌ದಾಸ್ ಅದನ್ನು 'ಗುಲಾಮಿ ಖತ್', ಅಂದರೆ ಗುಲಾಮಗಿರಿಯ ಪತ್ರ ಎಂದು ಕರೆದ. ನೋಡಿ, ಆ ಕಾಲದ ಜಗಳದ ಅರ್ಧ ಭಾಗ ಕಟಕಟೆಯ ಬಗ್ಗೆಯೇ ಇತ್ತು: ಯಾರು ಹತ್ತಬೇಕು, ಯಾರು ಹತ್ತಬಾರದು.

ಸಭೆಯ ತೀರ್ಮಾನ ತಿಳಿದ ಕರ್ಸನ್‌ದಾಸ್ ಸುಮ್ಮನಿರಲಿಲ್ಲ. ನ್ಯಾಯಕ್ಕೆ ಅಡ್ಡಿಪಡಿಸುವ ಒಳಸಂಚು ಎಂದು ಆ ಮುಖಂಡರ ಮೇಲೇ ದೂರು ಕೊಟ್ಟ. ಇದೇ ಭಾಟಿಯಾ ಒಳಸಂಚು ಮೊಕದ್ದಮೆ. ಡಿಸೆಂಬರಿನಲ್ಲಿ ಸರ್ ಜೋಸೆಫ್ ಆರ್ನಾಲ್ಡ್ ಅವರ ಮುಂದೆ ವಿಚಾರಣೆಯಾಗಿ ಆರೋಪಿಗಳು ತಪ್ಪಿತಸ್ಥರೆಂದು ಸಾಬೀತಾಯಿತು. ಮುಖ್ಯರಿಬ್ಬರಿಗೆ ಸಾವಿರ ರೂಪಾಯಿ, ಉಳಿದವರಿಗೆ ಐನೂರು ರೂಪಾಯಿ ದಂಡ. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಇದೇ ದೊಡ್ಡ ಘಟ್ಟ. ಮುಖ್ಯ ಮೊಕದ್ದಮೆಯನ್ನು ಎಲ್ಲರೂ ನೆನೆಯುತ್ತಾರೆ, ಇದನ್ನು ಅಡಿಟಿಪ್ಪಣಿಗೆ ತಳ್ಳುತ್ತಾರೆ. ಈ ಶಿಕ್ಷೆ ಆಗದೇ ಹೋಗಿದ್ದರೆ ಮುಂದಿನ ತಿಂಗಳು ಎಷ್ಟು ಜನ ಕಟಕಟೆಗೆ ಬರುತ್ತಿದ್ದರು?

1862ರ ಜನವರಿ 25ಕ್ಕೆ ವಿಚಾರಣೆ ಶುರುವಾಯಿತು. ಈಗಿನ ಹೈಕೋರ್ಟ್ ಕಟ್ಟಡ ಆಗ ಇರಲಿಲ್ಲ, ಹೈಕೋರ್ಟೇ ಹುಟ್ಟಿರಲಿಲ್ಲ. ಸುಪ್ರೀಂ ಕೋರ್ಟು ಎಂದು ಕರೆಯುತ್ತಿದ್ದ ಆ ನ್ಯಾಯಾಲಯ ನಡೆಯುತ್ತಿದ್ದದ್ದು ಲಯನ್ ಗೇಟಿನ ಎದುರಿನ ಹಳೆಯ ಅಡ್ಮಿರಾಲ್ಟಿ ಹೌಸಿನಲ್ಲಿ. ಅದನ್ನೇ ಮುಂದೆ ಗ್ರೇಟ್ ವೆಸ್ಟರ್ನ್ ಬಿಲ್ಡಿಂಗ್ ಅಂದರು. ಕಟ್ಟಡ ಇವತ್ತಿಗೂ ಇದೆ. ಆ ದಾರಿಯಲ್ಲಿ ನೀವು ಬಸ್ಸಿನಲ್ಲಿ ಎಷ್ಟೋ ಸಲ ಹೋಗಿರುತ್ತೀರಿ.

ಮಥುರಾದಾಸ್ ಲವ್ಜಿ ಬಂದರು, ಲಖ್ಮೀದಾಸ್ ಖೀಮ್ಜಿ ಬಂದರು. ಇಬ್ಬರೂ ಭಾಟಿಯಾಗಳು, ಯಾರಿಗೆ ಕಟ್ಟಪ್ಪಣೆಯಾಗಿತ್ತೋ ಅದೇ ಜಾತಿಯವರು. ತಾವು ಹುಟ್ಟಿ ಬೆಳೆದ ಸಂಪ್ರದಾಯದ ಒಳಗಿನ ಸಂಗತಿಗಳನ್ನು ತೆರೆದ ಕೋರ್ಟಿನಲ್ಲಿ ಹೇಳಿದರು. ಇನ್ನೂ ಕಷ್ಟದ ಸಾಕ್ಷ್ಯ ವೈದ್ಯರದು. ಡಾ. ಭಾವು ದಾಜಿ, ಡಾ. ಧೀರಜ್‌ರಾಮ್ ದಳಪತರಾಮ್ ಇಬ್ಬರೂ ತಾವು ಮಹಾರಾಜರುಗಳಿಗೆ ಮಾಡಿದ ಚಿಕಿತ್ಸೆಯ ಬಗ್ಗೆ, ಅದೂ ಗುಹ್ಯರೋಗದ ಬಗ್ಗೆ, ಹೇಳಬೇಕಾಯಿತು. ರೋಗಿಯ ಗುಟ್ಟು ಕಾಯುವುದು ವೈದ್ಯನ ಧರ್ಮ ನಿಜ. ಆದರೆ ವಕೀಲ ಮತ್ತು ಕಕ್ಷಿದಾರನ ಮಾತಿಗೆ ಇರುವ ರಕ್ಷಣೆ ವೈದ್ಯನ ಮಾತಿಗೆ ಕೋರ್ಟಿನಲ್ಲಿಲ್ಲ. 1872ರ ಸಾಕ್ಷ್ಯ ಅಧಿನಿಯಮದಲ್ಲೂ ಅದು ಬರಲಿಲ್ಲ, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಇಲ್ಲ. ಮಕ್ಕಳನ್ನು ರಾಣಿಬಾಗಿಗೆ ಕರೆದುಕೊಂಡು ಹೋದಾಗ ಪಕ್ಕದಲ್ಲಿ ಕಾಣುವ ಮ್ಯೂಸಿಯಂಗೆ ಈ ಭಾವು ದಾಜಿಯವರದೇ ಹೆಸರು. ಅಲ್ಲಿ ಎಷ್ಟು ಸಲ ಹೋದರೂ ಇದು ನನಗೆ ಹೊಳೆದಿರಲಿಲ್ಲ.

ಜದುನಾಥ್‌ಜಿ ಮಹಾರಾಜರೂ ಕೊನೆಗೆ ಕಟಕಟೆಗೆ ಬಂದರು, ಎಲ್ಲವನ್ನೂ ನಿರಾಕರಿಸಿದರು. ಏಪ್ರಿಲ್ 22ಕ್ಕೆ ತೀರ್ಪು. ಬರೆದದ್ದು ನಿಜವೆಂಬ ವಾದ ಗೆದ್ದಿತು. ತಾಂತ್ರಿಕವಾದ ಒಂದು ಅಂಶದಲ್ಲಿ ಮಾತ್ರ ಮಹಾರಾಜರ ಪರವಾಗಿ ಐದು ರೂಪಾಯಿ ಪರಿಹಾರ. ಕರ್ಸನ್‌ದಾಸ್‌ಗೆ ಖರ್ಚಿನ ಬಾಬ್ತು ಹನ್ನೊಂದೂವರೆ ಸಾವಿರ. ಅಂಥವನನ್ನೂ ಜಾತಿ ಬಿಡಲಿಲ್ಲ. ಮರುವರ್ಷ ಇಂಗ್ಲೆಂಡಿಗೆ ಹಡಗು ಹತ್ತಿದ, ಅದೇ ನೆಪವಾಗಿ ಬಹಿಷ್ಕಾರ ಬಿತ್ತು. 1871ರಲ್ಲಿ ತೀರಿಕೊಂಡ, ನಲವತ್ತು ತುಂಬಿರಲಿಲ್ಲ.

ನಮ್ಮ ಕಡೆಯ ಹಳೆಯ ಶಾಸ್ತ್ರ ಇದರ ಬಗ್ಗೆ ಏನನ್ನುತ್ತದೆ ಅಂತಲೂ ಹುಡುಕಿದೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರ ಬರೆದ 'ಮಿತಾಕ್ಷರ' ಯಾಜ್ಞವಲ್ಕ್ಯ ಸ್ಮೃತಿಯ ಮೇಲಿನ ವ್ಯಾಖ್ಯಾನ. ಬ್ರಿಟಿಷರ ಕಾಲದಲ್ಲಿ ಹಿಂದೂಗಳ ಆಸ್ತಿ ಜಗಳಕ್ಕೆ ಮುಂಬಯಿ ಹೈಕೋರ್ಟಿನಲ್ಲೂ ಅದೇ ಆಧಾರ. ಆ ಸ್ಮೃತಿಯ ಪ್ರಕಾರ ಸಾಲದ ವ್ಯಾಜ್ಯದಲ್ಲಿ ವಿಷಯ ಗೊತ್ತಿದ್ದೂ ಸಾಕ್ಷಿ ಬಾಯಿ ಬಿಡದಿದ್ದರೆ, ನಲವತ್ತಾರನೆಯ ದಿನ ಆ ಸಾಲ ಪೂರ್ತಿ ಅವನ ತಲೆಗೆ, ಮೇಲೆ ಹತ್ತನೆಯ ಒಂದು ಭಾಗ ಬೇರೆ. ಸುಮ್ಮನಿದ್ದವನಿಗೆ ದಂಡ ಹಾಕುವುದು ಶಾಸ್ತ್ರದ ರೀತಿ, ಮಾತಾಡಿದವನಿಗೆ ದಂಡ ಹಾಕುವುದು ನೆರೆಹೊರೆಯ ರೀತಿ. ನಡುವೆ ಸಿಕ್ಕವನು ಸಾಕ್ಷಿ.

ಬಹಿಷ್ಕಾರದ ಕಾನೂನಿನ ಕಥೆ ಅಷ್ಟಕ್ಕೇ ಮುಗಿಯಲಿಲ್ಲ. 1949ರಲ್ಲಿ ಮುಂಬಯಿ ಪ್ರಾಂತ್ಯ ಬಹಿಷ್ಕಾರವನ್ನು ನಿಷೇಧಿಸಿತು. 1962ರಲ್ಲಿ, ಮಹಾರಾಜ್ ಮೊಕದ್ದಮೆಗೆ ಸರಿಯಾಗಿ ನೂರು ವರ್ಷಕ್ಕೆ, ಆ ಕಾನೂನು ಧರ್ಮಸ್ವಾತಂತ್ರ್ಯಕ್ಕೆ ವಿರುದ್ಧವೆಂದು ದೆಹಲಿಯ ಸುಪ್ರೀಂ ಕೋರ್ಟು ಹೊಡೆದುಹಾಕಿತು. ಮಹಾರಾಷ್ಟ್ರ ಮತ್ತೆ 2016ರಲ್ಲಿ ಸಾಮಾಜಿಕ ಬಹಿಷ್ಕಾರದ ವಿರುದ್ಧ ಹೊಸ ಕಾನೂನು ಮಾಡಿತು. 2018ರ ಡಿಸೆಂಬರಿನಲ್ಲಿ ಸಾಕ್ಷಿಗಳ ರಕ್ಷಣೆಯ ಯೋಜನೆಗೆ ಸುಪ್ರೀಂ ಕೋರ್ಟು ಒಪ್ಪಿಗೆ ಕೊಟ್ಟಿತು. ಜೀವ ಬೆದರಿಕೆ ಇದ್ದವರಿಗೆ ಅದು ಬೇಕೇ ಬೇಕು. ಬಕೆಟ್ ನೀರಿನ ಪ್ರಶ್ನೆಗೆ ಯಾವ ಯೋಜನೆ?

ಮೊದಲ ತಾರೀಖಿಗೆ ಹೋದೆ. ಎದುರು ವಕೀಲರಿಗೆ ಹುಷಾರಿಲ್ಲ ಅಂತ ಮುಂದೆ ಹಾಕಿದರು. ಬೆಳಿಗ್ಗೆ ತಿಂದ ಎರಡು ಇಡ್ಲಿಯಲ್ಲೇ ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂತಿದ್ದದ್ದಷ್ಟೇ ಲಾಭ. ಎರಡನೆಯ ತಾರೀಖಿಗೆ ಕರೆದರು. ಸಿನಿಮಾದ ಹಾಗೆ ಗೀತೆಯ ಮೇಲೆ ಕೈ ಇಡಿಸಲಿಲ್ಲ. 1969ರ ಪ್ರಮಾಣಗಳ ಅಧಿನಿಯಮದ ನಮೂನೆಯಲ್ಲಿ ಗ್ರಂಥದ ಮಾತೇ ಇಲ್ಲ. ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ದೇವರ ಹೆಸರಿಲ್ಲದೆ ದೃಢೀಕರಿಸಲೂಬಹುದು. ನಾನು ದೇವರ ಹೆಸರಿನಲ್ಲೇ ಹೇಳಿದೆ. ಮಾತು ಬಿಡ ಮಂಜುನಾಥ ಅಂತ ಕೇಳಿ ಬೆಳೆದವನು.

ಕಂಡದ್ದನ್ನು ಹೇಳಿದೆ. ಪಾಟೀಸವಾಲಿನಲ್ಲಿ ಅಂದು ಕನ್ನಡಕ ಹಾಕಿದ್ದಿರಾ, ಎಷ್ಟು ದೂರದಲ್ಲಿ ನಿಂತಿದ್ದಿರಿ, ಕೈಯಲ್ಲಿ ಎಷ್ಟು ಹಾಲಿನ ಪ್ಯಾಕೆಟ್ ಇತ್ತು ಎಂದೆಲ್ಲ ಕೇಳಿದರು. ಪ್ಯಾಕೆಟ್ಟಿನ ಲೆಕ್ಕ ನೆನಪಿಲ್ಲ ಅಂದೆ. ಅರ್ಧ ಗಂಟೆಯಲ್ಲಿ ಮುಗಿಯಿತು. ಹೊಡೆದವರು ನನ್ನಿಂದ ನಾಲ್ಕು ಮಾರು ದೂರದಲ್ಲಿ ಕೂತಿದ್ದರು, ತಲೆ ಎತ್ತಲಿಲ್ಲ.

ಕಟ್ಟಡದಲ್ಲಿ ಯಾರೂ ಏನೂ ಅನ್ನಲಿಲ್ಲ. ಈ ಸಂಕ್ರಾಂತಿಗೆ ನನ್ನಾಕೆಗೆ ಮೂರು ಮನೆಗಳಿಂದ ಅರಿಶಿನ ಕುಂಕುಮಕ್ಕೆ ಕರೆ ಬರಲಿಲ್ಲ. ನಾಲ್ಕನೆಯ ಮಹಡಿಯ ಅಜ್ಜಿ ತಾವೇ ಇಳಿದು ಬಂದು ತಿಳ್‌ಗುಳ್ ಕೊಟ್ಟು, ಅರ್ಧ ಗಂಟೆ ಮಂಡಿನೋವಿನ ಬಗ್ಗೆ ಮಾತಾಡಿ ಹೋದರು. ತೀರ್ಪು ಇನ್ನೂ ಬಂದಿಲ್ಲ.