ಜಮಾನೋ, ಸಾಲಾನೋ? ಮಾರ್ಕ್ಸ್ ಕಾರ್ಡಿನ ‘ಕ್ರೆಡಿಟ್’ ಬಂದ ದಾರಿ

ಈ ಯುಗಾದಿಗೆ ನಮ್ಮ ಬಳಗದ ಒಬ್ಬರು ತುಮಕೂರು ಕಡೆಯ ತಮ್ಮ ಊರಿಗೆ ಹೋಗಿದ್ದರು. ಪಕ್ಕದ ಮನೆಯ ಮಾವ ಮಗಳ ಮಾರ್ಕ್ಸ್ ಕಾರ್ಡುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದುಕೊಂಡು ಬಂದು ಜಗಲಿ ಮೇಲೆ ಕೂತರು. “ನೋಡಪ್ಪ, ನೀನು ಡಿಗ್ರಿ ಓದಿದೋನು. ಇದ್ರಲ್ಲಿ ಕ್ರೆಡಿಟ್ ಅಂತ ಬರ್ದವ್ರೆ. ಬ್ಯಾಂಕಿನ ಪಾಸ್‌ಬುಕ್ಕಲ್ಲಿ ಕ್ರೆಡಿಟ್ ಅಂದ್ರೆ ಜಮಾ. ಅಂಗಡೀಲಿ ಕ್ರೆಡಿಟ್ ಅಂದ್ರೆ ಸಾಲ. ಇದು ಯಾವ್ದು?”

ನಮ್ಮವರಿಗೆ ಥಟ್ಟನೆ ಉತ್ತರ ಬರಲಿಲ್ಲ. ಡಿಗ್ರಿ ಮುಗಿಸಿ ಪತ್ರಿಕೋದ್ಯಮವನ್ನೂ ಓದಿದ ನಮ್ಮಲ್ಲಿ ಉಳಿದವರನ್ನು ಕೇಳಿದರೂ ಅದೇ ಕಥೆ. ಆ ಕಾಲಂ ಎಲ್ಲರ ಕಾರ್ಡಿನಲ್ಲೂ ಇತ್ತು, ಯಾರೂ ನೋಡಿರಲಿಲ್ಲ. ನಾವು ನೋಡುತ್ತಿದ್ದುದು ಪಾಸೋ ಫೇಲೋ ಅಷ್ಟೇ.

ಮಾವ ಕೇಳಿದ್ದು ಸುಮ್ಮನೆ ಅಲ್ಲ. ಮಗಳು 2022ರಲ್ಲಿ ಬಿ.ಎ.ಗೆ ಸೇರಿ ನಾಲ್ಕು ಸೆಮಿಸ್ಟರ್ ಮುಗಿಸಿದ್ದಳು. ಅಷ್ಟರಲ್ಲಿ ತಾಯಿಗೆ ಕಾಯಿಲೆಯಾಗಿ ಓದು ನಿಂತಿತು. ಈಗ ಮತ್ತೆ ಓದುತ್ತೇನೆ ಅನ್ನುತ್ತಿದ್ದಾಳೆ. ಓದಿದ ಎರಡು ವರ್ಷ ಲೆಕ್ಕಕ್ಕೆ ಇದೆಯೋ, ನೀರಿಗೆ ಹೋಯಿತೋ ಎಂಬುದು ಅವರ ಪ್ರಶ್ನೆ. ಅದನ್ನು ಹುಡುಕಲು ಹೊರಟ ನಾವು ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕಾಯಿತು.

ಮೊದಲು ಡಿಗ್ರಿಯ ಕಥೆ. 1857ರಲ್ಲಿ ಕಲ್ಕತ್ತಾ, ಬೊಂಬಾಯಿ, ಮದರಾಸುಗಳಲ್ಲಿ ಬ್ರಿಟಿಷರು ವಿಶ್ವವಿದ್ಯಾಲಯ ತೆರೆದರು. ತೆರೆದರು ಅಂದರೆ ಪಾಠ ಶುರುವಾಯಿತು ಅಂತ ತಿಳಿಯಬೇಡಿ. ಮಾದರಿಯಾಗಿ ಇಟ್ಟುಕೊಂಡಿದ್ದು ಲಂಡನ್ ವಿಶ್ವವಿದ್ಯಾಲಯವನ್ನು. ಪಾಠ ಕಾಲೇಜುಗಳ ಪಾಲು. ಪರೀಕ್ಷೆ ನಡೆಸುವುದು, ಪದವಿ ಕೊಡುವುದು ಮಾತ್ರ ವಿಶ್ವವಿದ್ಯಾಲಯದ ಕೆಲಸ. ಊರಿನ ಡೈರಿಯಲ್ಲಿ ಫ್ಯಾಟ್ ಅಳೆಯುವವರಿಗೂ ಹಸು ಸಾಕುವುದಕ್ಕೂ ಸಂಬಂಧ ಇರುವುದಿಲ್ಲವಲ್ಲ, ಹಾಗೆ. ಒಳಗೆ ಹೋಗಲು ಮೆಟ್ರಿಕ್ಯುಲೇಷನ್ ಪರೀಕ್ಷೆ ಪಾಸಾಗಬೇಕು. ಆ ಪದದ ಮೂಲ ಅರ್ಥವೇ ದಾಖಲೆ ಪುಸ್ತಕದಲ್ಲಿ ಹೆಸರು ಬರೆಸಿಕೊಳ್ಳುವುದು. ಅಜ್ಜಂದಿರು ‘ಮೆಟ್ರಿಕ್ ಪಾಸು’ ಎಂದು ಹೇಳಿಕೊಳ್ಳುತ್ತಿದ್ದುದು, ಲೆಕ್ಕ ಹಾಕಿದರೆ, ಕಾಲೇಜಿನ ಬಾಗಿಲ ತನಕ ಬಂದಿದ್ದೇನೆ ಎಂಬ ಮಾತು.

ಕಲ್ಕತ್ತಾದಲ್ಲಿ ಮೊದಲ ಬಿ.ಎ. ಪರೀಕ್ಷೆ ನಡೆದದ್ದು 1858ರಲ್ಲಿ. ಆರು ವಿಷಯಗಳು. ಎಲ್ಲದರಲ್ಲೂ ಪಾಸಾದವರು ಒಬ್ಬರೂ ಇರಲಿಲ್ಲ. ಐದರಲ್ಲಿ ಚೆನ್ನಾಗಿ ಮಾಡಿ ಆರನೆಯದರಲ್ಲಿ ಏಳರೊಳಗಿನ ಅಂಕಕ್ಕೆ ತಪ್ಪಿದ್ದ ಇಬ್ಬರಿಗೆ ವಿಶೇಷ ಕೃಪೆಯೆಂದು ಪದವಿ ಕೊಟ್ಟರು. ಒಬ್ಬರು ಜದುನಾಥ ಬೋಸ್. ಇನ್ನೊಬ್ಬರು ‘ವಂದೇ ಮಾತರಂ’ ಬರೆದ ಬಂಕಿಮಚಂದ್ರ ಚಟರ್ಜಿ. ಗ್ರೇಸ್ ಮಾರ್ಕ್ಸ್ ಪಡೆದು ಪಾಸಾದ ನಮ್ಮ ಗೆಳೆಯರೊಬ್ಬರಿಗೆ ಇದು ಗೊತ್ತಾದ ದಿನ ಹೋಟೆಲಿನಲ್ಲಿ ಬಿಲ್ ಅವರೇ ಕೊಟ್ಟರು.

ಗಂಡಸಾಗಿರಬೇಕು ಎಂಬುದೂ ಆಗ ಒಂದು ಪ್ರವೇಶದ ಅರ್ಹತೆಯೇ. ಹೆಣ್ಣುಮಕ್ಕಳಿಗೆ ಕಲ್ಕತ್ತಾ ಬಾಗಿಲು ತೆರೆದದ್ದು 1878ರಲ್ಲಿ. ಕಾದಂಬಿನಿ ಗಂಗೂಲಿ, ಚಂದ್ರಮುಖಿ ಬಸು ಎಂಬ ಇಬ್ಬರು 1883ರಲ್ಲಿ ಪದವೀಧರರಾದರು. ಇಂಗ್ಲೆಂಡಿನ ಕೇಂಬ್ರಿಡ್ಜ್ ಹೆಂಗಸರಿಗೆ ಪೂರ್ಣ ಪದವಿ ಕೊಡಲು ಶುರು ಮಾಡಿದ್ದು 1948ರಲ್ಲಿ, ನಮಗೆ ಸ್ವಾತಂತ್ರ್ಯ ಬಂದ ಮರುವರ್ಷ.

ಕನ್ನಡ ನಾಡು ಆಗ ಹರಿದು ಹಂಚಿಹೋಗಿತ್ತು. ಮೈಸೂರು, ಬೆಂಗಳೂರು, ಮಂಗಳೂರು, ಬಳ್ಳಾರಿಯ ಹುಡುಗರ ಪರೀಕ್ಷೆ ಮದರಾಸಿನದು, ಧಾರವಾಡ, ಬೆಳಗಾವಿ ಕಡೆಯವರದು ಬೊಂಬಾಯಿಯದು. ಮೆಟ್ರಿಕ್ ಆದ ಮೇಲೆ ಎರಡು ವರ್ಷ ಓದಿ ಎಫ್.ಎ. ಎಂಬ ಪರೀಕ್ಷೆ ದಾಟಬೇಕು, ಆಮೇಲೆ ಬಿ.ಎ. ಒಂದು ವಿಷಯದಲ್ಲಿ ಹೋದರೆ ಎಲ್ಲವೂ ಹೋದಂತೆ. ಇಂದಿನ ಹಾಗೆ ‘ಬ್ಯಾಕ್ ಇಟ್ಕೊಂಡು ಮುಂದೆ ಹೋಗೋದು’ ಇರಲಿಲ್ಲ.

ಈ ನಿಯಮ ಯಾರನ್ನು ಹೊರಗಿಟ್ಟಿತು ಎಂಬುದಕ್ಕೆ ಶ್ರೀನಿವಾಸ ರಾಮಾನುಜನ್‌ಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಮೆಟ್ರಿಕ್‌ನಲ್ಲಿ ಚೆನ್ನಾಗಿ ಪಾಸಾಗಿ 1904ರಲ್ಲಿ ವಿದ್ಯಾರ್ಥಿವೇತನದ ಮೇಲೆ ಕುಂಭಕೋಣದ ಸರ್ಕಾರಿ ಕಾಲೇಜಿಗೆ ಸೇರಿದರು. ಗಣಿತ ಬಿಟ್ಟು ಬೇರೆ ಯಾವುದಕ್ಕೂ ಮನಸ್ಸು ಕೊಡಲಿಲ್ಲ. ಇಂಗ್ಲಿಷಿನಲ್ಲಿ ಹೋಯಿತು, ವೇತನವೂ ಹೋಯಿತು. ಮದರಾಸಿನ ಪಚ್ಚಯ್ಯಪ್ಪ ಕಾಲೇಜಿಗೆ ಸೇರಿ ಎಫ್.ಎ. ಬರೆದರು, ಫೇಲ್. ಮರುವರ್ಷ ಮತ್ತೆ ಬರೆದರು, ಮತ್ತೆ ಫೇಲ್. 1912ರಲ್ಲಿ ಮದರಾಸು ಬಂದರಿನ ಕಚೇರಿಯಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತರಾಗಿದ್ದರು. ಅಲ್ಲಿಂದಲೇ 1913ರ ಜನವರಿಯಲ್ಲಿ ಕೇಂಬ್ರಿಡ್ಜಿನ ಹಾರ್ಡಿ ಎಂಬ ಗಣಿತಜ್ಞರಿಗೆ ಕಾಗದ ಬರೆದದ್ದು.

ಕಾಗದ ನೋಡಿ ಹಾರ್ಡಿ ಬೆರಗಾದರು. ಆದರೂ ರಾಮಾನುಜನ್‌ಗೆ ಸಂಶೋಧನಾ ವೇತನ ಕೊಡಬೇಕು ಅಂದಾಗ ಮದರಾಸು ವಿಶ್ವವಿದ್ಯಾಲಯದಲ್ಲಿ ಪದವಿಯಿಲ್ಲದ ತೊಡಕು ಎದ್ದಿತು. ಅಲ್ಲಿದ್ದ ಕೆಲವರು ಪಟ್ಟುಹಿಡಿದು ದಾರಿ ಮಾಡಿದರು. 1913ರ ಮೇ ತಿಂಗಳಿಂದ ತಿಂಗಳಿಗೆ 75 ರೂಪಾಯಿ ಸಿಕ್ಕಿತು. ಎರಡು ಸಲ ಫೇಲ್ ಮಾಡಿದ ವಿಶ್ವವಿದ್ಯಾಲಯವೇ ಕೊಟ್ಟ ದುಡ್ಡು. 1916ರಲ್ಲಿ ಕೇಂಬ್ರಿಡ್ಜ್ ಅವರ ಸಂಶೋಧನೆಗೆ ಬಿ.ಎ. ಪದವಿ ಕೊಟ್ಟಿತು. ನಿಯಮ ತಪ್ಪು ಅಂತ ಆಗಲೂ ಯಾರೂ ಅದನ್ನು ತೆಗೆದುಹಾಕಲಿಲ್ಲ. ಒಬ್ಬರಿಗೆ ಕಿಟಕಿ ತೆರೆದರು, ಬಾಗಿಲು ಹಾಗೇ ಇತ್ತು.

ನಮ್ಮ ಕಸುಬಿನವರದೇ ಒಂದು ಉದಾಹರಣೆ ಇದೆ. ಡಿ.ವಿ. ಗುಂಡಪ್ಪನವರು ಮೆಟ್ರಿಕ್ ದಾಟಲಿಲ್ಲ. ಪತ್ರಿಕೆ ನಡೆಸಿದರು, ‘ಮಂಕುತಿಮ್ಮನ ಕಗ್ಗ’ ಬರೆದರು. 1961ರಲ್ಲಿ ಮೈಸೂರು ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಇಂದು ಒಂದು ಜಿಲ್ಲಾ ಪತ್ರಿಕೆಯಲ್ಲಿ ಟ್ರೈನಿ ಕೆಲಸಕ್ಕೆ ಅರ್ಜಿ ಹಾಕಿದ್ದರೆ ಡಿವಿಜಿಯವರ ಅರ್ಜಿ ಮೊದಲ ಸುತ್ತಿನಲ್ಲೇ ಹೊರಬೀಳುತ್ತಿತ್ತು.

ಆ ಮೈಸೂರು ವಿಶ್ವವಿದ್ಯಾಲಯ ಶುರುವಾದದ್ದು 1916ರ ಜುಲೈ 27ರಂದು. ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರು, ವಿಶ್ವೇಶ್ವರಯ್ಯ ದಿವಾನರು. ಸಂಸ್ಥಾನವೊಂದು ತನ್ನದೇ ವಿಶ್ವವಿದ್ಯಾಲಯ ಮಾಡಿಕೊಂಡದ್ದು ದೇಶದಲ್ಲಿ ಅದೇ ಮೊದಲು. ನಮ್ಮ ಹುಡುಗರ ಪರೀಕ್ಷೆ ಮದರಾಸಿನ ಕೈ ತಪ್ಪಿ ನಮ್ಮ ಕೈಗೆ ಬಂತು. ಮುಂದೆ ಎಫ್.ಎ. ಹೋಗಿ ಇಂಟರ್‌ಮೀಡಿಯೆಟ್ ಬಂತು, ಅದು ಹೋಗಿ ಪಿಯುಸಿ ಬಂತು, ಅದೂ ಮೊದಲು ಒಂದು ವರ್ಷದ್ದಿದ್ದು ಆಮೇಲೆ ಎರಡಾಯಿತು. ಹತ್ತು, ಎರಡು, ಮೂರು ವರ್ಷ ಎಂಬ ಇಂದಿನ ಲೆಕ್ಕ 1964–66ರ ಕೊಠಾರಿ ಆಯೋಗದ್ದು. ಹೆಸರು ಎಷ್ಟು ಬದಲಾದರೂ ಅಳತೆ ಒಂದೇ: ಕೊನೆಯ ಪರೀಕ್ಷೆಯಲ್ಲಿ ಎಷ್ಟು ಬಂತು.

ಕ್ರೆಡಿಟ್ ಎಂಬ ಬೇರೆ ಅಳತೆ ಹುಟ್ಟಿದ್ದು ಅಮೆರಿಕದಲ್ಲಿ. ಅದರ ಹಿಂದಿನ ಕಾರಣ ಓದಿದಾಗ ನಮಗೆ ನಗು ಬಂತು. ಅದು ಮಕ್ಕಳ ಓದಿಗಾಗಿ ಹುಟ್ಟಿದ್ದಲ್ಲ, ಮೇಷ್ಟ್ರುಗಳ ಪಿಂಚಣಿಗಾಗಿ ಹುಟ್ಟಿದ್ದು.

ಆಂಡ್ರ್ಯೂ ಕಾರ್ನೆಗಿ ಉಕ್ಕಿನ ದೊಡ್ಡ ಸಾಹುಕಾರ. ಕಾಲೇಜಿನ ಪ್ರೊಫೆಸರುಗಳು ಮುಪ್ಪಿನಲ್ಲಿ ಕೈಯಲ್ಲಿ ಕಾಸಿಲ್ಲದೆ ಇರುವುದನ್ನು ಕಂಡು 1905ರಲ್ಲಿ ಅವರ ಪಿಂಚಣಿಗೆಂದು ಒಂದು ಕೋಟಿ ಡಾಲರ್ ಇಟ್ಟರು. ಹಣ ಹಂಚಲು ಕೂತವರಿಗೆ ಮೊದಲ ದಿನವೇ ತೊಡಕು. ಅಮೆರಿಕದಲ್ಲಿ ಆಗ ಯಾರು ಬೇಕಾದರೂ ‘ಕಾಲೇಜು’ ಎಂದು ಬೋರ್ಡು ಹಾಕಿಕೊಳ್ಳಬಹುದಿತ್ತು. ಕೆಲವು ಕಾಲೇಜುಗಳು ಹೈಸ್ಕೂಲಿಗಿಂತ ಮೇಲಿರಲಿಲ್ಲ. ಯಾವುದು ನಿಜವಾದ ಕಾಲೇಜು ಎಂದು ಗೊತ್ತಾಗದೆ ಪಿಂಚಣಿ ಯಾರಿಗೆ ಕೊಡುವುದು?

ಅದಕ್ಕೆ ಷರತ್ತು ಹಾಕಿದರು. ಕಾಲೇಜಿನಲ್ಲಿ ಕನಿಷ್ಠ ಆರು ಮಂದಿ ಪೂರ್ಣಾವಧಿ ಪ್ರೊಫೆಸರುಗಳಿರಬೇಕು. ನಾಲ್ಕು ವರ್ಷದ ಓದು ಇರಬೇಕು. ಸೇರುವ ಹುಡುಗ ಹೈಸ್ಕೂಲಿನಲ್ಲಿ 14 ‘ಯೂನಿಟ್’ ಓದಿ ಬಂದಿರಬೇಕು. ಒಂದು ಯೂನಿಟ್ ಎಂದರೆ ಒಂದು ವಿಷಯವನ್ನು ವರ್ಷದಲ್ಲಿ 120 ಗಂಟೆ ಕೂತು ಕಲಿತದ್ದು. ಪಿಂಚಣಿ ಬೇಕಲ್ಲ, ಕಾಲೇಜುಗಳು ಒಪ್ಪಿದವು. ಕಾಲೇಜು ಕೇಳಿತೆಂದು ಹೈಸ್ಕೂಲುಗಳೂ ಗಂಟೆ ಎಣಿಸತೊಡಗಿದವು. 1910ರಲ್ಲಿ ಮಾರಿಸ್ ಕುಕ್ ಎಂಬ ಎಂಜಿನಿಯರರು ಕಾರ್ಖಾನೆಯ ಲೆಕ್ಕದ ಕಣ್ಣಿನಿಂದ ಕಾಲೇಜುಗಳನ್ನು ನೋಡಿ, ಒಬ್ಬ ವಿದ್ಯಾರ್ಥಿ ಒಂದು ಗಂಟೆ ಕೂತರೆ ಅದನ್ನು ಒಂದು ಅಳತೆಯಾಗಿ ಹಿಡಿಯಬೇಕು ಎಂದು ವರದಿ ಕೊಟ್ಟರು. ಕೂಲಿಯ ಹಾಜರಿ ಪುಸ್ತಕ ಕಾಲೇಜಿಗೆ ಬಂದ ಹಾಗಾಯಿತು.

ಪಿಂಚಣಿಯ ಗತಿ? ಪುಕ್ಕಟೆ ಕೊಟ್ಟು ಪೂರೈಸಲಾಗದೆ 1918ರಲ್ಲಿ ಪ್ರೊಫೆಸರುಗಳೂ ಸಂಬಳದಿಂದ ಕಟ್ಟುವ ಬೇರೆ ಯೋಜನೆ ತಂದರು. ನಮ್ಮ ನೌಕರರ ಓಪಿಎಸ್–ಎನ್‌ಪಿಎಸ್ ಜಗಳ ಬಲ್ಲವರಿಗೆ ಇದು ಹೊಸದಲ್ಲ. ಪಿಂಚಣಿ ಕರಗಿತು, ಅದಕ್ಕಾಗಿ ಮಾಡಿದ ಅಳತೆ ಉಳಿಯಿತು. ಅದು ಕಳೆದ ಹೊತ್ತನ್ನು ಅಳೆಯುತ್ತದೆಯೇ ಹೊರತು ಕಲಿತದ್ದನ್ನಲ್ಲ ಎಂಬ ದೂರು ಅಂದಿನಿಂದ ಇದೆ. ಆದರೆ ನಮಗೆ ಒಂದು ಮಾತು ಹೇಳಬೇಕೆನಿಸುತ್ತದೆ. ಕೊನೆಯ ಪರೀಕ್ಷೆಯೇ ಎಲ್ಲವೂ ಆಗಿದ್ದಾಗ ರಾಮಾನುಜನ್‌ಗೆ ಏನೂ ಉಳಿಯಲಿಲ್ಲ. ಅವರ ಗಣಿತದ ಅಂಕ ಬೇರೆ ವಿಷಯಗಳ ಜೊತೆ ಮುಳುಗಿತು. ಕ್ರೆಡಿಟ್ ಲೆಕ್ಕದಲ್ಲಿ ಪಾಸಾದ ಪೇಪರು ಪಾಸಾದದ್ದೇ. ಅದು ಖಾತೆಯಲ್ಲಿ ಇರುತ್ತದೆ.

ಈ ಪದ್ಧತಿ ಕರ್ನಾಟಕಕ್ಕೆ ಕಾಲಿಟ್ಟದ್ದು ಹೊಲದ ಕಡೆಯಿಂದ ಎಂದರೆ ನೀವು ನಂಬಲಿಕ್ಕಿಲ್ಲ. ಬೆಂಗಳೂರಿನ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯ 1964ರದು. ಅದನ್ನು ಕಟ್ಟಿದ್ದು ಅಮೆರಿಕದ ಕೃಷಿ ಕಾಲೇಜುಗಳ ಮಾದರಿಯಲ್ಲಿ, ಟೆನೆಸಿ ವಿಶ್ವವಿದ್ಯಾಲಯದ ನೆರವಿನಿಂದ. ಬಿ.ಎಸ್ಸಿ. ಅಗ್ರಿ ಓದಿದ ನಿಮ್ಮೂರಿನ ಹಳೆಯ ಕೃಷಿ ಅಧಿಕಾರಿಗಳನ್ನು ಕೇಳಿ ನೋಡಿ, ಅವರು ಪರ್ಸೆಂಟೇಜ್ ಹೇಳುವುದಿಲ್ಲ, ಗ್ರೇಡ್ ಪಾಯಿಂಟ್ ಹೇಳುತ್ತಾರೆ. ಕೃಷಿ ಕೋರ್ಸಿಗೆ ಸೇರಲು ರೈತರ ಮಕ್ಕಳಿಗೆ ಬೇರೆ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ಬೀಜ, ಗೊಬ್ಬರ, ಕಳೆ, ಉಪಕರಣ ಗುರುತಿಸುವುದಕ್ಕೆ ಅಂಕ. ಅಪ್ಪನ ಜೊತೆ ಹೊಲದಲ್ಲಿ ಕಳೆದ ಹೊತ್ತಿಗೆ ಬೆಲೆ ಕೊಡುವ ಪ್ರವೇಶ ಪರೀಕ್ಷೆ ನಮಗೆ ಕಂಡದ್ದು ಇದೊಂದೇ.

ಬಿ.ಎ., ಬಿ.ಕಾಂ. ಓದುವವರ ಕಾರ್ಡಿಗೆ ಕ್ರೆಡಿಟ್ ಬಂದದ್ದು ಇತ್ತೀಚೆಗೆ. ಈಗಿನ ಲೆಕ್ಕ ಹೀಗಿದೆ. ವಾರಕ್ಕೆ ಒಂದು ಗಂಟೆ ಪಾಠ, ಒಂದು ಸೆಮಿಸ್ಟರ್ ಪೂರ್ತಿ ನಡೆದರೆ ಒಂದು ಕ್ರೆಡಿಟ್. ಪ್ರಾಕ್ಟಿಕಲ್ ಆದರೆ ವಾರಕ್ಕೆ ಎರಡು ಗಂಟೆ. ಸೆಮಿಸ್ಟರ್ ಎಂದರೆ 15 ವಾರ ಅಂತಿಟ್ಟುಕೊಳ್ಳಿ, ಮೂರು ಕ್ರೆಡಿಟ್‌ನ ಪೇಪರಿಗೆ 45 ಗಂಟೆ ಪಾಠ ಆಗಬೇಕು. ಅತಿಥಿ ಉಪನ್ಯಾಸಕರ ನೇಮಕ ತಡವಾಗಿ ಕ್ಲಾಸೇ ನಡೆಯದ ಕಾಲೇಜಿನಲ್ಲೂ ಕಾರ್ಡಿನಲ್ಲಿ ಮೂರೇ ಬರೆದಿರುತ್ತದೆ ಎಂಬುದು ಬೇರೆ ಮಾತು. ಯುಜಿಸಿಯ 2022ರ ಚೌಕಟ್ಟಿನ ಪ್ರಕಾರ ಮೂರು ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್, ನಾಲ್ಕು ವರ್ಷದ ಆನರ್ಸ್‌ಗೆ 160. ಕಾರ್ನೆಗಿಯ 120 ಗಂಟೆ ಒಂದು ವಿಷಯದ್ದು, ಈ 120 ಪೂರ್ತಿ ಪದವಿಯದ್ದು. ಎರಡನ್ನೂ ಬೆರೆಸಬೇಡಿ.

2021ರಲ್ಲಿ ಯುಜಿಸಿ ಇದಕ್ಕೆ ಒಂದು ಬ್ಯಾಂಕನ್ನೂ ಮಾಡಿತು. ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್, ಎಲ್ಲರ ಬಾಯಲ್ಲಿ ಎಬಿಸಿ. ಗಳಿಸಿದ ಕ್ರೆಡಿಟ್ ಅಲ್ಲಿ ವಿದ್ಯಾರ್ಥಿಯ ಹೆಸರಲ್ಲಿ ಇರುತ್ತದೆ, ಏಳು ವರ್ಷದ ತನಕ ಬಳಸಿಕೊಳ್ಳಬಹುದು. ಅದೇ ವರ್ಷ ಕರ್ನಾಟಕ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿಗೆ ತಂದಿತು. ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್. ಸರ್ಕಾರ ಬದಲಾಯಿತು. 2024–25ರಿಂದ ಸೇರುವವರಿಗೆ ಮತ್ತೆ ಮೂರು ವರ್ಷದ ಪದವಿ ಎಂದಾಯಿತು. ಹೀಗೆ 2021, 22, 23ರಲ್ಲಿ ಸೇರಿದ ಮೂರು ಬ್ಯಾಚು ಮಾತ್ರ ಆ ಪದ್ಧತಿಯಲ್ಲಿ ಉಳಿದವು. ಯಾವ ನೀತಿ ಒಳ್ಳೆಯದು ಎಂಬ ವಾದಕ್ಕೆ ನಾವು ಇಲ್ಲಿ ಇಳಿಯುವುದಿಲ್ಲ. ಮಧ್ಯದಲ್ಲಿ ಸಿಕ್ಕಿಕೊಂಡವರನ್ನು ಮಾತ್ರ ಕಣ್ಣಾರೆ ಕಂಡಿದ್ದೇವೆ.

ಮಾವನ ಮಗಳು ಆ ಮೂರರಲ್ಲಿ ನಡುವಿನ ಬ್ಯಾಚಿನವಳು. ನಮ್ಮವರು ಅವಳ ಜೊತೆ ಕೂತು ನಾಲ್ಕೂ ಕಾರ್ಡಿನ ಕ್ರೆಡಿಟ್ ಕೂಡಿದರು. ಒಂದು ಪೇಪರ್ ಬಾಕಿ, ಉಳಿದದ್ದೆಲ್ಲ ಗಳಿಸಿದ್ದೇ. ಫೋನಿನಲ್ಲಿ ಎಬಿಸಿ ಖಾತೆ ತೆರೆದು ನೋಡಿದರೆ ಎರಡು ಸೆಮಿಸ್ಟರಿನದು ಮಾತ್ರ ಇತ್ತು, ಇನ್ನೆರಡನ್ನು ಏರಿಸಿರಲಿಲ್ಲ. ಕಾಲೇಜಿಗೆ ಹೋದಾಗ ಕಚೇರಿಯವರು ಹೇಳಿದ್ದು ಇನ್ನೊಂದು: “ನಿಮ್ಮ ಸ್ಕೀಮಿನ ಐದನೇ ಸೆಮ್ ಕ್ಲಾಸು ಈಗ ಇಲ್ಲಮ್ಮ, ಕೊನೇ ಬ್ಯಾಚೂ ಮುಗೀತು.” ಹೊಸ ಸಿಲಬಸ್ಸಿನಲ್ಲಿ ಯಾವ ಪೇಪರು ಅವಳ ಹಳೆಯದಕ್ಕೆ ಸಮ ಎಂದು ವಿಶ್ವವಿದ್ಯಾಲಯ ಬರೆದು ಕೊಡಬೇಕು. ಆಗ ಮೂರನೇ ವರ್ಷಕ್ಕೆ ಸೇರಬಹುದು.

ಇದೇ ಸ್ಥಿತಿಯಲ್ಲಿ ನಿಮ್ಮ ಮನೆಯಲ್ಲಿ ಯಾರಾದರೂ ಇದ್ದರೆ ಎಲ್ಲ ಸೆಮಿಸ್ಟರಿನ ಕಾರ್ಡಿನ ಜೆರಾಕ್ಸ್ ಒಟ್ಟಿಗೆ ಇಟ್ಟುಕೊಳ್ಳಿ. ಎಬಿಸಿಯಲ್ಲಿ ಏನು ಏರಿದೆ, ಏನು ಏರಿಲ್ಲ ನೋಡಿ. ಅರ್ಜಿಯನ್ನು ಬಾಯಲ್ಲಿ ಹೇಳಿ ಬರಬೇಡಿ, ಬರೆದು ಕೊಟ್ಟು ಸೀಲು ಹಾಕಿದ ಪ್ರತಿ ಇಸ್ಕೊಳ್ಳಿ.

ಮಾವನಿಗೆ ನಮ್ಮವರು ಕೊನೆಗೆ ಹೇಳಿದ್ದು, ಅದು ಜಮಾ, ಸಾಲ ಅಲ್ಲ ಅಂತ. “ಹಂಗಾದ್ರೆ ನಮ್ ದುಡ್ಡು ನಾವು ಇಸ್ಕೊಳ್ಳೋಕೆ ಅರ್ಜಿ ಯಾಕಪ್ಪ?” ಅಂದರು. ಅರ್ಜಿ ಕೊಟ್ಟು ಆರು ವಾರವಾಯಿತು. ವಿಶ್ವವಿದ್ಯಾಲಯದಿಂದ ಉತ್ತರ ಬಂದಿಲ್ಲ. ಬಾಕಿ ಉಳಿದ ಆ ಒಂದು ಪೇಪರಿಗೆ ಅವಳು ಓದಲು ಶುರು ಮಾಡಿದ್ದಾಳೆ.